ಹಲ್ಲುಜ್ಜಿದ್ದನ್ನು ಬಿಟ್ಟು ಬರೆಯುವ ದಿನಚರಿ

ಡಿಸೆಂಬರ್ ಕೊನೆಗೆ ದಾವಣಗೆರೆ, ಚಿತ್ರದುರ್ಗದ ಮನೆಗಳಿಗೆ ಡೈರಿಗಳು ಬರುತ್ತವೆ. ಬಂಗಾರದಂಗಡಿಯದೊಂದು, ಬ್ಯಾಂಕಿನದೊಂದು, ಗೊಬ್ಬರದಂಗಡಿಯದೊಂದು. ಅಪ್ಪ ಒಂದನ್ನು ಲೆಕ್ಕಕ್ಕೆ ಇಟ್ಟುಕೊಂಡು ಉಳಿದದ್ದನ್ನು ಮಕ್ಕಳ ಕೈಗೆ ಕೊಡುತ್ತಾರೆ. ಜನವರಿ ಮೊದಲ ವಾರ ದುಂಡನೆಯ ಅಕ್ಷರ. ಸಂಕ್ರಾಂತಿಗೆ ಖಾಲಿ ಪುಟ ಶುರು. ಯುಗಾದಿ ಹೊತ್ತಿಗೆ ಅದು ಹಾಲಿನ ಲೆಕ್ಕದ ಪುಸ್ತಕ. "ನಮ್ ಹುಡುಗ ಏನ್ ಹಿಡಿದ್ರೂ ಅರ್ಧಕ್ಕೇ ಬಿಡ್ತಾನೆ" ಅಂತ ಅಮ್ಮ ಬೈಯುತ್ತಾರೆ. ನನ್ನ ಕೇಳಿದರೆ ಅರ್ಧ ತಪ್ಪು ಆ ಡೈರಿಯದೇ.

ಅಚ್ಚಾದ ಡೈರಿಯಲ್ಲಿ ಪ್ರತಿ ಪುಟದ ನೆತ್ತಿಯ ಮೇಲೆ ತಾರೀಖು ಕೂತಿರುತ್ತದೆ. ನಾಲ್ಕು ದಿನ ಜ್ವರ ಬಂದರೆ ನಾಲ್ಕು ಖಾಲಿ ಪುಟ ಸಾಲ ಕೇಳುವವರ ಹಾಗೆ ಎದುರು ನಿಲ್ಲುತ್ತವೆ. ಆ ಮುಜುಗರಕ್ಕೇ ಮಕ್ಕಳು ಡೈರಿ ಮುಚ್ಚಿಡುತ್ತಾರೆ. ಇನ್ನೊಂದು, ಶಾಲೆಯ ವರ್ಷ ಜನವರಿಗೆ ಶುರುವಾಗುವುದಿಲ್ಲ. ಮೇ ಕೊನೆಗೆ ಬಾಗಿಲು ತೆಗೆಯುತ್ತದೆ, ಆಗ ಸುರಿಯುವುದು ರೋಹಿಣಿ ಮಳೆ. ಹೊಸ ತರಗತಿ, ಹೊಸ ಬೆಂಚು, ಪಕ್ಕದಲ್ಲಿ ಹೊಸ ಮುಖ. ಬರೆಯಲು ವಿಷಯ ತುಂಬಿ ತುಳುಕುವ ಆ ಹದಿನೈದು ದಿನಗಳಿಗೆ ಜನವರಿಯ ಡೈರಿ ಹೊಂದುವುದೇ ಇಲ್ಲ.

ಆದ್ದರಿಂದ ತಾರೀಖು ಅಚ್ಚಾಗದ, ಗೆರೆ ಹಾಕಿದ 200 ಪುಟದ ಸಾಮಾನ್ಯ ನೋಟ್‌ಬುಕ್ ಸಾಕು. ಲೆಕ್ಕ ಹೀಗೆ: ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 8ನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ದಿನ ಶಾಲೆ ನಡೆಯಬೇಕು. ದಿನಕ್ಕೊಂದು ಪುಟ ಎಂದರೆ 200 ಪುಟ ಸಾಲದು. ಅರ್ಧ ಪುಟ ಎಂದರೆ 110 ಪುಟಕ್ಕೆ ಮುಗಿಯುತ್ತದೆ. ಉಳಿದ 90 ಪುಟ ದಸರಾ ರಜೆಗೆ, ಭಾನುವಾರಕ್ಕೆ, ಒಂದೊಂದು ದಿನ ಕೈ ತಡೆಯದೆ ಎರಡು ಪುಟ ಓಡಿದರೆ ಅದಕ್ಕೆ. ಅರ್ಧ ಪುಟವೆಂದರೆ ಹತ್ತು ಹನ್ನೆರಡು ಸಾಲು, ಏಳೆಂಟು ನಿಮಿಷದ ಕೆಲಸ.

ಬಾಲ್ ಪೆನ್ನಿನಲ್ಲೇ ಬರೆಯಿರಿ. ಸಾಮಾನ್ಯ ಜೆಲ್ ಪೆನ್ನಿನ ಶಾಯಿ ನೀರಿನದು. ಆರಿದ್ರಾ ಮಳೆಯಲ್ಲಿ ಬ್ಯಾಗು ಒಮ್ಮೆ ನೆನೆದರೆ ಒಂದು ತಿಂಗಳ ಬರಹ ನೀಲಿ ಮೋಡವಾಗುತ್ತದೆ. ಬಾಲ್ ಪೆನ್ನಿನ ಶಾಯಿ ಎಣ್ಣೆಯದು, ಕಾಗದ ಮುದುಡಿದರೂ ಅಕ್ಷರ ಉಳಿಯುತ್ತದೆ. ಸುರುಳಿ ತಂತಿಯ ನೋಟ್‌ಬುಕ್ ಬ್ಯಾಗಿನಲ್ಲಿ ಟಿಫನ್ ಬಾಕ್ಸಿಗೆ ಸಿಕ್ಕಿ ತಂತಿ ಬಾಗುತ್ತದೆ. ನಡುವೆ ಪಿನ್ ಹೊಡೆದ ನೋಟ್‌ಬುಕ್ಕಿನಿಂದ ಹಾಳೆ ಹರಿಯಬೇಡಿ. ಒಂದು ಹಾಳೆ ಹರಿದರೆ ಆ ಕಡೆಯ ಜೋಡಿ ಹಾಳೆಯೂ ಸಡಿಲವಾಗಿ ಒಂದು ದಿನ ತಾನೇ ಬೀಳುತ್ತದೆ. ತಪ್ಪಾದರೆ ಒಂದು ಗೆರೆ ಎಳೆದು ಮುಂದೆ ಹೋಗಿ. ವೈಟ್ನರ್ ಬೇಡ. ದಿನಚರಿಗೆ ಅಂದದ ಅಕ್ಷರದ ಅಂಕವಿಲ್ಲ.

ಇನ್ನು ಏನು ಬರೆಯುವುದು? ಎಲ್ಲರೂ ಮುಗ್ಗರಿಸುವುದು ಇಲ್ಲೇ. ಹತ್ತು ಮಕ್ಕಳ ದಿನಚರಿ ತೆರೆದರೆ ಎಂಟರಲ್ಲಿ ಇದೇ ಇರುತ್ತದೆ:

"ಇಂದು ಬೆಳಿಗ್ಗೆ 6 ಗಂಟೆಗೆ ಎದ್ದೆನು. ಹಲ್ಲುಜ್ಜಿದೆನು. ಸ್ನಾನ ಮಾಡಿ ತಿಂಡಿ ತಿಂದು ಶಾಲೆಗೆ ಹೋದೆನು. ಪಾಠ ಕೇಳಿದೆನು. ಸಂಜೆ ಮನೆಗೆ ಬಂದು ಓದಿಕೊಂಡೆನು. ಇಂದಿನ ದಿನ ತುಂಬಾ ಖುಷಿಯಾಯಿತು."

ಇದು ನಿನ್ನೆಗೂ ಸಲ್ಲುತ್ತದೆ, ನಾಳೆಗೂ ಸಲ್ಲುತ್ತದೆ, ಪಕ್ಕದ ಮನೆಯ ಹುಡುಗನಿಗೂ ಸಲ್ಲುತ್ತದೆ. ಮೂರನೇ ದಿನಕ್ಕೆ ಬರೆಯುವವನಿಗೇ ಬೇಜಾರು ಹಿಡಿಯುತ್ತದೆ. ಇಡೀ ದಿನವನ್ನು ಬರೆಯಲು ಹೋಗುವುದೇ ಇದರ ಮೂಲ. ದಿನದಲ್ಲಿ ಒಂದನ್ನು ಆರಿಸಿ, ಅದನ್ನು ಬಿಡಿಸಿ ಬರೆದರೆ ಹೀಗಾಗುತ್ತದೆ:

"ಮೂರನೇ ಪಿರಿಯಡ್ ಗಣಿತ. ಹಿಂದಿನ ಬೆಂಚಲ್ಲಿ ಕೂತಿದ್ದೆ. ಬೋರ್ಡ್ ಮೇಲೆ 3, 8 ಎರಡೂ ಒಂದೇ ಥರ ಕಾಣ್ತಿತ್ತು. ಪಕ್ಕದವನ ನೋಟ್ಸ್ ನೋಡಿ ಬರ್ಕೊಂಡೆ. ಮೇಷ್ಟ್ರಿಗೆ ಹೇಳ್ಲಿಲ್ಲ."

ಇಂಥದ್ದು ತಿಂಗಳಲ್ಲಿ ಮೂರು ಸಲ ಬಂದರೆ ಅದು ಕಣ್ಣಿನ ಡಾಕ್ಟರಿಗೆ ತೋರಿಸಬೇಕಾದ ಪುಟ. "ಗಣಿತ ಕಷ್ಟ" ಎಂದು ಬರೆದಿದ್ದರೆ ಟ್ಯೂಷನ್ನಿಗೆ ಸೇರಿಸುತ್ತಿದ್ದರು, ಕನ್ನಡಕ ಬರುತ್ತಿರಲಿಲ್ಲ.

ಆರಿಸುವುದು ಕಷ್ಟವೆನಿಸಿದರೆ ಇವು ನೆನಪಿರಲಿ: ಒಬ್ಬರ ಬಾಯಿಂದ ಬಂದ ಒಂದು ಮಾತು, ಅವರು ಆಡಿದ ಹಾಗೆಯೇ. ಒಂದು ಅಂಕಿ. ಒಂದು ಜಾಗದ ಹೆಸರು. ಈ ಮೂರರಲ್ಲಿ ಎರಡಾದರೂ ಇದ್ದರೆ ಆ ಪುಟ ಬೇರೆ ದಿನಕ್ಕೆ ಸಲ್ಲದು. "ಬಿಸಿಯೂಟ ಚೆನ್ನಾಗಿತ್ತು" ಎನ್ನುವ ಬದಲು ಸಾಂಬಾರಿಗೆ ಏನು ಬಿದ್ದಿತ್ತು, ಎರಡನೇ ಸಲ ಹಾಕಿಸಿಕೊಂಡವರು ಯಾರು, ಮೊಟ್ಟೆ ಬೇಡವೆಂದು ಬಾಳೆಹಣ್ಣು ತೆಗೆದುಕೊಂಡವರು ಎಷ್ಟು ಜನ. "ಖುಷಿ", "ಬೇಜಾರು", "ಮಜಾ" ಎಂಬ ಪದಗಳನ್ನು ಒಂದು ವಾರ ಬಳಸುವುದಿಲ್ಲ ಎಂದು ಪಣ ತೊಟ್ಟು ನೋಡಿ. ಆ ಪದದ ಜಾಗದಲ್ಲಿ ನಡೆದದ್ದೇ ಬಂದು ಕೂರುತ್ತದೆ.

ಚಿಕ್ಕದಾಗಿ ಬರೆದರೆ ಉಳಿಯುವುದಿಲ್ಲ ಎನ್ನುವವರು ಚಿತ್ರದುರ್ಗದ ಚಂದ್ರವಳ್ಳಿಗೆ ಹೋಗಿ ಬರಲಿ. ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಬರೀ ಮೂರು ಸಾಲು. ಕೆರೆ ಮಾಡಿಸಿದ್ದು ಯಾರು, ಅವನು ಯಾವ ಯಾವ ಅರಸರನ್ನು ಎದುರಿಸಿದ. ಹೆಸರಿದೆ, ಕೆಲಸವಿದೆ. ಅವನಿಗೆ ಎಷ್ಟು ಸಂತೋಷವಾಯಿತು ಎಂಬುದಿಲ್ಲ. 4ನೇ ಶತಮಾನದ ಆ ಮೂರು ಸಾಲನ್ನು ಇಂದಿಗೂ ಇತಿಹಾಸದವರು ತಿರುವಿ ತಿರುವಿ ಓದುತ್ತಿದ್ದಾರೆ.

ಭಾಷೆಯ ಮಾತು. ಮೇಲಿನ ಎರಡು ಮಾದರಿಗಳಲ್ಲಿ ಮೊದಲನೆಯದು "ಎದ್ದೆನು, ಹೋದೆನು" ಎನ್ನುತ್ತದೆ. ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಪ್ರಬಂಧಕ್ಕೆ ಆ ಕನ್ನಡ ಇರಲಿ, ದಿನಚರಿಗೆ ಓಣಿಯ ಕನ್ನಡವೇ ಸರಿ. ಅಜ್ಜಿ "ಎಲ್ಲಿಗ್ ಹೊಂಟ್ಯಪಾ" ಅಂದರೆ ಹಾಗೇ ಬರೆಯಿರಿ, "ಎಲ್ಲಿಗೆ ಹೋಗುತ್ತಿರುವೆ" ಎಂದು ತಿದ್ದಬೇಡಿ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಇಂಗ್ಲಿಷಿನಲ್ಲೇ ಬರೆಯಿರಿ ಎಂದು ಒತ್ತಾಯಿಸುವ ಪೋಷಕರಿದ್ದಾರೆ. ಅಭ್ಯಾಸವೇನೋ ಆಗುತ್ತದೆ, ಆದರೆ ಮಗು ತನಗೆ ಗೊತ್ತಿರುವ ಪದಗಳಿಗೆ ತಕ್ಕಷ್ಟನ್ನೇ ಬರೆಯುತ್ತದೆ, ಆದದ್ದನ್ನಲ್ಲ.

ಹೊತ್ತು ಗೊತ್ತು ಮಾಡುವಾಗ ಗಡಿಯಾರಕ್ಕಿಂತ ದಿನಾ ತಪ್ಪದ ಒಂದು ಕೆಲಸಕ್ಕೆ ಕಟ್ಟುವುದು ಮೇಲು. ಹೋಂವರ್ಕ್ ಮುಗಿದ ತಕ್ಷಣ, ಪುಸ್ತಕ ಬ್ಯಾಗಿಗೆ ಸೇರುವ ಮುಂಚೆ. ರಾತ್ರಿ ಊಟದ ಮೇಲೆ ಎಂದರೆ ಮುದ್ದೆಯ ಜೊತೆ ನಿದ್ದೆಯೂ ಇಳಿಯುತ್ತದೆ. ಹಳ್ಳಿಯಿಂದ ಬಸ್ ಪಾಸಿನಲ್ಲಿ ಓಡಾಡುವವರಿಗೆ ಬಸ್‌ಸ್ಟ್ಯಾಂಡಿನಲ್ಲಿ ಸಂಜೆ ಕಾಯುವ ಅರ್ಧ ಗಂಟೆಯೇ ಸಾಕು. ಹಾಸ್ಟೆಲಿನವರಿಗೆ ಸಂಜೆಯ ಸ್ಟಡಿ ಅವರ್‌ನ ಕೊನೆಯ ಹತ್ತು ನಿಮಿಷ.

ತಪ್ಪಿದ ದಿನಗಳನ್ನು ಆಮೇಲೆ ಕೂತು ತುಂಬಬೇಡಿ. ದುಗ್ಗಮ್ಮನ ಜಾತ್ರೆ ಬಂತೆಂದರೆ ದಾವಣಗೆರೆಯ ಮನೆಗಳಲ್ಲಿ ನೆಂಟರ ನಡುವೆ ಕಾಲಿಡಲು ಜಾಗವಿರುವುದಿಲ್ಲ, ಆ ವಾರ ಬರೆಯುವುದು ಯಾರ ಕೈಲೂ ಆಗದು. "ಐದು ದಿನ ಬರೆದಿಲ್ಲ, ಜಾತ್ರೆ" ಎಂದು ಒಂದು ಸಾಲು ಹಾಕಿ ಆವತ್ತಿನ ತಾರೀಖಿನಿಂದ ಶುರು ಮಾಡಿ. ಬಾಕಿ ತುಂಬಲು ಕೂತವರು ಊಹಿಸಿ ಬರೆಯುತ್ತಾರೆ, ಊಹಿಸಿ ಬರೆದ ಪುಟ ಮತ್ತೆ ಹಲ್ಲುಜ್ಜುವುದಕ್ಕೇ ಹೋಗುತ್ತದೆ.

ಓದಿಗೆ ಇದರಿಂದ ಏನು ಲಾಭ ಎಂದು ಕೇಳುವವರಿಗೆ ಎರಡು ಸಾಲಿನ ಉಪಾಯವಿದೆ. ದಿನದ ಬರಹದ ಕೆಳಗೆ "ಇವತ್ತು ತಿಳಿದದ್ದು", "ಇವತ್ತು ತಿಳಿಯದ್ದು" ಎಂದು ಎರಡು ಸಾಲು. ನಿಯಮ ಒಂದೇ: ಪಠ್ಯಪುಸ್ತಕ ತೆರೆಯದೆ ಬರೆಯಬೇಕು. 1885ರಲ್ಲೇ ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್, ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಕಲಿತದ್ದು ಹೆಚ್ಚಾಗಿ ಜಾರಿಹೋಗುವುದು ಮೊದಲ ಒಂದು ದಿನದೊಳಗೇ ಎಂದು ತೋರಿಸಿದ್ದ. ಬೆಳಗಿನ ಪಾಠವನ್ನು ಸಂಜೆ ನೆನಪಿನಿಂದ ಎಳೆದು ತರುವ ಆ ಒಂದು ನಿಮಿಷವೇ ಅದಕ್ಕೆ ಅಡ್ಡಗಟ್ಟೆ. "ತಿಳಿಯದ್ದು" ಸಾಲಿನಲ್ಲಿ "ವಿಜ್ಞಾನ" ಎಂದು ಬರೆದರೆ ಉಪಯೋಗವಿಲ್ಲ. "ಪೀನ ಮಸೂರದಲ್ಲಿ ವಸ್ತು ಹತ್ತಿರ ಬಂದರೆ ಬಿಂಬ ಯಾಕೆ ನೆಟ್ಟಗಾಗುತ್ತೆ" ಎಂದಿದ್ದರೆ ಮರುದಿನ ಟೀಚರ್ ಹತ್ತಿರ ಹಾಗೇ ಕೇಳಬಹುದು. ಉತ್ತರ ಸಿಕ್ಕ ದಿನ ಹಳೆಯ ಸಾಲಿನ ಪಕ್ಕ ಒಂದು ಸರಿ ಗುರುತು. ಸರಿ ಗುರುತು ಬೀಳದ ಸಾಲುಗಳೇ ಪರೀಕ್ಷೆಯ ಹಿಂದಿನ ವಾರ ಓದಬೇಕಾದ ಪಟ್ಟಿ.

ಟೆಸ್ಟ್ ಪೇಪರ್ ವಾಪಸ್ ಬಂದ ದಿನ ಅಂಕದ ಜೊತೆ ಕಳೆದುಕೊಂಡ ಅಂಕಗಳ ಕಾರಣವನ್ನೂ ಬರೆಯಿರಿ: ಓದಿರಲಿಲ್ಲ, ಓದಿದ್ದರೂ ತಿಳಿದಿರಲಿಲ್ಲ, ಗೊತ್ತಿದ್ದೂ ಅವಸರದಲ್ಲಿ ತಪ್ಪಿತು. ನಾಲ್ಕು ಟೆಸ್ಟ್ ಆದ ಮೇಲೆ ಕೂಡಿಸಿ ನೋಡಿದರೆ ತನ್ನ ಕಾಯಿಲೆ ಯಾವುದೆಂದು ಗೊತ್ತಾಗುತ್ತದೆ. ಅವಸರದವನಿಗೆ ಟ್ಯೂಷನ್ ಮದ್ದಲ್ಲ. ಪರೀಕ್ಷೆಯ ಭಯದವರಿಗೆ ಇನ್ನೊಂದು ಮಾತು: ಪರೀಕ್ಷೆಗೆ ಮುಂಚೆ 10 ನಿಮಿಷ ತಮ್ಮ ಭಯವನ್ನೇ ಬರೆದ ವಿದ್ಯಾರ್ಥಿಗಳು ಚೆನ್ನಾಗಿ ಉತ್ತರಿಸಿದರೆಂದು 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು, ಅದರಲ್ಲೂ ಸದಾ ಹೆದರುವವರಿಗೇ ಹೆಚ್ಚು ಲಾಭವಾಗಿತ್ತು.

ನಮ್ಮ ಕಡೆಯವರು ದಿನಚರಿಯ ಅಂಚಿನಲ್ಲಿ ಮಳೆಯನ್ನೂ ಬರೆಯಬೇಕು ಎಂಬುದು ನನ್ನ ಹಟ. ಚಳ್ಳಕೆರೆ ಕಡೆ ಶೇಂಗಾ ಬಿತ್ತುವವರಿಗೆ ಅರ್ಧ ಇಂಚೂ ಸುದ್ದಿಯೇ. ಮಳೆ ಅಳೆಯಲು, ನೆಟ್ಟಗೆ, ಸಮಸಪಾಟಾಗಿರುವ ಒಂದು ಲೀಟರ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಬಾಯಿಗೆ ಕೂರಿಸಿ. ಬುಡ ಉಬ್ಬುತಗ್ಗಾಗಿರುವುದರಿಂದ ಸಣ್ಣ ಕಲ್ಲು ಹಾಕಿ, ಬಾಟಲಿಯ ನೇರ ಭಾಗ ಶುರುವಾಗುವ ತನಕ ನೀರು ತುಂಬಿ ಅಲ್ಲಿ ಗೆರೆ ಎಳೆಯಿರಿ, ಅದೇ ಸೊನ್ನೆ. ಗೆರೆಯ ಮೇಲೆ ಎಷ್ಟು ನೀರು ನಿಂತಿದೆಯೋ ಸ್ಕೇಲಿನಲ್ಲಿ ಅಷ್ಟು ಮಿಲಿಮೀಟರ್ ಮಳೆ. ಹವಾಮಾನ ಇಲಾಖೆಯವರ ಹಾಗೆ ಬೆಳಿಗ್ಗೆ 8.30ಕ್ಕೆ ಅಳೆದು, ಮತ್ತೆ ಸೊನ್ನೆಗೆ ತನ್ನಿ. ಸೂರಿನ ಕೆಳಗೆ, ಮರದ ಕೆಳಗೆ ಇಟ್ಟರೆ ಲೆಕ್ಕ ಸುಳ್ಳು. ಬಿಸಿಲಿಗೆ ನೀರು ಆರಿ ಸೊನ್ನೆಗಿಂತ ಇಳಿಯುತ್ತದೆ, ಸಂಜೆಗೊಮ್ಮೆ ನೋಡಿ ತುಂಬಿಸಬೇಕು. ಪಕ್ಕದಲ್ಲಿ ಮೃಗಶಿರ, ಆರಿದ್ರಾ, ಪುನರ್ವಸು ಎಂದು ಮಳೆಯ ಹೆಸರಿರಲಿ. ಒಂದೊಂದು ಸುಮಾರು ಹದಿಮೂರು ಹದಿನಾಲ್ಕು ದಿನ. ಇದು ಬರೆದಿಡುವ ವಿಷಯವಲ್ಲ ಎನ್ನುವವರಿಗೆ ಒಂದು ನೆನಪು: 1933ರ ನಂತರ ಕೋಡಿ ಬೀಳದ ಮಾರಿಕಣಿವೆ (ವಾಣಿ ವಿಲಾಸ ಸಾಗರ) ಅಣೆಕಟ್ಟು 2022ರ ಸೆಪ್ಟೆಂಬರಿನಲ್ಲಿ ತುಂಬಿ ಹರಿಯಿತು. ಆ ವಾರ ಹಿರಿಯೂರಿನಲ್ಲಿ ನೀರು ನೋಡಲು ಹೋದ ಮಗು ನಾಲ್ಕು ಸಾಲು ಬರೆದಿಟ್ಟಿದ್ದರೆ, ತಾತನ ಕಾಲದವರಿಗೂ ಸಿಗದಿದ್ದ ಸಂಗತಿ ಅದರ ನೋಟ್‌ಬುಕ್ಕಿನಲ್ಲಿದೆ.

ಶಿಕ್ಷಕರಿಗೆ, ಅಪ್ಪ ಅಮ್ಮನಿಗೆ: ಕೆಂಪು ಶಾಯಿ ದೂರವಿಡಿ. ಒತ್ತಕ್ಷರ ತಿದ್ದಿದ ಮರುದಿನದಿಂದ ಮಗು ತನಗೆ ಬರುವ ಪದಗಳನ್ನೇ ಬರೆಯುತ್ತದೆ. ತಾರೀಖು ಇದೆಯೇ ಎಂದಷ್ಟೇ ನೋಡಿ, ಒಳಗೆ ಓದಬೇಡಿ. ಒಂದೇ ಕಪಾಟಿರುವ ಮನೆಯಲ್ಲಿ ಬಚ್ಚಿಡಲು ಜಾಗವಿರುವುದಿಲ್ಲ. ಪುಟವನ್ನು ಉದ್ದಕ್ಕೆ ಮಡಚಿದ್ದರೆ ಅದು ಖಾಸಗಿ ಎಂಬ ಒಪ್ಪಂದ ಮನೆಯವರೆಲ್ಲರ ನಡುವೆ ಇರಲಿ. ಗೆಳತಿಯ ಜೊತೆ ಜಗಳವಾದರೆ "ಅವಳು ಕೆಟ್ಟವಳು" ಎನ್ನದೆ ಅವಳು ಅಂದದ್ದು, ತಾನು ಅಂದದ್ದು ಎರಡನ್ನೂ ಬರೆದರೆ ಮೂರು ದಿನದ ಮೇಲೆ ಓದಿದಾಗ ಜಗಳದ ಅಳತೆ ಬೇರೆ ಕಾಣುತ್ತದೆ. ಆದರೆ ಯಾರಾದರೂ ಹೊಡೆಯುತ್ತಿದ್ದರೆ, ಮುಟ್ಟಬಾರದ ಹಾಗೆ ಮುಟ್ಟಿದರೆ, ನೋಟ್‌ಬುಕ್ಕಿಗೆ ಮಾತ್ರ ಹೇಳಿ ಸುಮ್ಮನಾಗಬಾರದು. ದಿನ, ಹೊತ್ತು, ಜಾಗ ಬರೆದಿಟ್ಟು ನಂಬುವ ದೊಡ್ಡವರಿಗೆ ಹೇಳಬೇಕು, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು. ಅದಕ್ಕೆ ದುಡ್ಡಿಲ್ಲ.

ಪುಟಗಳಿಗೆ ಸಂಖ್ಯೆ ಹಾಕಿ, ಕೊನೆಯ ಎರಡು ಪುಟವನ್ನು ಪಟ್ಟಿಗೆ ಬಿಡಿ: "ಕೋಟೆ ಪ್ರವಾಸ 64, ಬಸ್ ಕೆಟ್ಟದ್ದು 71". ವರ್ಷ ಮುಗಿದಾಗ ರಟ್ಟಿನ ಮೇಲೆ ತರಗತಿ, ಮೊದಲ ಮತ್ತು ಕೊನೆಯ ತಾರೀಖು. ನೆಲದ ಮೇಲಿನ ಟ್ರಂಕಿನಲ್ಲಿ ಗೆದ್ದಲು ಹಿಡಿಯುತ್ತದೆ, ಅಟ್ಟವೇ ಒಳ್ಳೆಯದು. ಗೋಡೆಗೆ ಒತ್ತಿಸಿಡಬೇಡಿ, ಮಳೆಗಾಲದಲ್ಲಿ ಥಂಡಿ ಎಳೆಯುತ್ತದೆ. ಏಪ್ರಿಲ್‌ನಲ್ಲಿ ಹಳೇ ನೋಟ್ಸೆಲ್ಲ ಕಟ್ಟಿ ರದ್ದಿಗೆ ಹಾಕುವ ದಿನ ಬರುತ್ತದಲ್ಲ, ತಕ್ಕಡಿ ಮೇಲೇಳುವ ಮುಂಚೆ ಆ ಕಟ್ಟಿನಲ್ಲಿ ಇದೊಂದು ಸೇರಿಲ್ಲವೇ ಎಂದು ಬಿಚ್ಚಿ ನೋಡಿ.