ಹೆಣದ ಪಾರ್ಟು

ನಮ್ಮ ಕನ್ನಡ ಮಾಸ್ತರು ಹೋದ ಸುದ್ದಿ ನನಗೆ ಮುಟ್ಟಿದ್ದು ಮೂರನೆಯ ದಿನ. ಮಣ್ಣಿಗೆ ಹೋಗಲಾಗಲಿಲ್ಲ. ಮುಂದೆ ಹದಿನೈದು ದಿನಕ್ಕೆ ಸಾಲಿಯ ಅಂಗಳದಲ್ಲಿ ಹಳೆಯ ಹುಡುಗರೆಲ್ಲ ಸೇರಿ ಸಭೆ ಮಾಡುತ್ತಾರೆಂದು ಗೊತ್ತಾಗಿ, ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿದು ಮುಧೋಳಕ್ಕೆ ಬಂದೆ. ಹಳೆಯ ಹುಡುಗರೆಂದರೆ ಇಬ್ಬರು ಮೊಣಕಾಲಿನ ಆಪರೇಶನ್ ಆದವರು, ಒಬ್ಬ ಕಿವಿಗೆ ಮಷೀನು ಹಾಕಿಕೊಂಡವ. ಅಲ್ಲಿಯೇ ಈ ಸಂಚಿಕೆಯ ಸಂಪಾದಕರು ನನ್ನನ್ನು ಹಿಡಿದು, "ಸಾಲಿಯೊಳಗ ಕಲಿತದ್ದರ ಬಗ್ಗೆ ಏನಾರ ಬರೀರಿ" ಎಂದರು. ಕಲಿತದ್ದು! ಬೀಜಗಣಿತ ಯಾರು ಕಲಿಸಿದರೆಂಬುದೇ ನೆನಪಿಲ್ಲ. ನನಗೆ ನೆನಪಿರುವುದು ಒಂಬತ್ತನೆಯ ಇಯತ್ತೆಯಲ್ಲಿ ನಾನು ಎರಡು ತಿಂಗಳು ಹೆಣವಾಗಿದ್ದದ್ದು.

1979. ಆಗ ನಮ್ಮದಿನ್ನೂ ಬಿಜಾಪುರ ಜಿಲ್ಲೆ. ಪ್ರತಿ ವರ್ಷ ಗ್ಯಾದರಿಂಗಿಗೆ ಕಿತ್ತೂರು ಚೆನ್ನಮ್ಮನೋ ಸಂಗೊಳ್ಳಿ ರಾಯಣ್ಣನೋ ಇರುತ್ತಿತ್ತು. ತಗಡಿನ ಖಡ್ಗ, ಬ್ರಿಟಿಷರಿಗೆ ಖಾಕಿ ಚಡ್ಡಿ, ಕೊನೆಗೆ ಮಂಗಳಾರತಿ. ಆ ವರ್ಷ ಮಾಸ್ತರು ರನ್ನನ ಗದಾಯುದ್ಧವನ್ನೇ ಆಡಿಸುತ್ತೇನೆಂದು ಹಟ ಹಿಡಿದರು. 1926ರಷ್ಟು ಹಿಂದೆಯೇ ಬಿ.ಎಂ.ಶ್ರೀ ಅವರು ರನ್ನನ ಪದ್ಯಗಳನ್ನೇ ಜೋಡಿಸಿ ನಾಟಕ ಮಾಡಿದ್ದರು. ಅದನ್ನು ಮುಂದಿಟ್ಟುಕೊಂಡು, ನಮ್ಮ ಬಾಯಿಗೆ ಹೊಂದುವಂತೆ ನಲವತ್ತು ಪುಟದ ನೋಟ್‌ಬುಕ್ಕಿನಲ್ಲಿ ತಾವೇ ಒಂದು ಪ್ರತಿ ಸಿದ್ಧ ಮಾಡಿದ್ದರು. "ಹಳಗನ್ನಡ ಯಾರಿಗೆ ತಿಳೀತೈತ್ರಿ ಮಾಸ್ತರ?" ಎಂದರು ಹೆಡ್ ಮಾಸ್ತರು. "ರನ್ನ ಹುಟ್ಟಿದ ಊರಾಗ ರನ್ನನ ಮಾತು ತಿಳೀಲಿಲ್ಲ ಅಂದ್ರ ಊರಿನ ಹೆಸರ ಬದಲ ಮಾಡೂಣ್ರಿ" ಎಂದು ಇವರು ಹೇಳಿದ್ದನ್ನು ಆಫೀಸಿನ ಕಿಟಕಿಯ ಹೊರಗೆ ನಿಂತು ನಾನೇ ಕೇಳಿದ್ದೇನೆ. ಅಲ್ಲಿ ಯಾಕೆ ನಿಂತಿದ್ದೆ ಎಂಬುದು ಬೇರೆ ಕಥೆ.

ಮಾಸ್ತರರಿಗೆ ರನ್ನನೆಂದರೆ ಪಕ್ಕದ ಓಣಿಯವ. 949ರಲ್ಲಿ ಹುಟ್ಟಿದ ಕವಿ ಎಂದು ಅವರು ಎಂದೂ ಶುರು ಮಾಡುತ್ತಿರಲಿಲ್ಲ. "ಬಳಿಗಾರರ ಮನಿ ಹುಡುಗ. ಬಳಿ ಮಾರೂ ಮಂದಿಗೆ ದನಿ ಇರಬೇಕು, ಕೈ ಹಗುರ ಇರಬೇಕು. ಅವನ ಪದ್ಯ ನೋಡ್ರಿ, ಎರಡೂ ಅದಾವ" ಎನ್ನುತ್ತಿದ್ದರು. ಆಶ್ರಯ ಕೊಟ್ಟ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಕಾವ್ಯ ಬರೆದ, ಮನಸ್ಸನ್ನು ಮಾತ್ರ ದುರ್ಯೋಧನನಿಗೆ ಕೊಟ್ಟ ಎಂದು ಹೇಳಿ, "ಅರಸಗ ಇದು ಗೊತ್ತಾಗ್ಲಿಲ್ಲ ನೋಡ್ರಿ" ಎಂದು ಒಳಗೊಳಗೇ ನಗುತ್ತಿದ್ದರು. ಗುಟ್ಟು ಅವರಿಬ್ಬರ ನಡುವೆಯೇ ಇದ್ದಂತೆ.

ದೀಪಾವಳಿ ಸೂಟಿ ಮುಗಿದ ಮೇಲೆ ಬೋರ್ಡಿಗೆ ಚೀಟಿ ಬಿತ್ತು: ಪಾರ್ಟು ಬೇಕಾದವರು ಶನಿವಾರ ಸಾಲಿ ಬಿಟ್ಟ ಮೇಲೆ ನಿಲ್ಲಬೇಕು. ನನಗೆ ದುರ್ಯೋಧನನೇ ಬೇಕಾಗಿತ್ತು. ಎತ್ತರ ಇತ್ತು, ಮೀಸೆಯ ಜಾಗದಲ್ಲಿ ಸಣ್ಣ ನೆರಳೂ ಇತ್ತು. ಅಡ್ಡ ಇದ್ದವ ಒಬ್ಬನೇ, ಪೋಸ್ಟ್‌ಮನ್ನರ ಮಗ. ಕಡ್ಡಿಯಂಥ ಹುಡುಗ, ಆದರೆ ಕಂಠಪಾಠದ ಸ್ಪರ್ಧೆಯಲ್ಲಿ ಅವನನ್ನು ಯಾರೂ ಸೋಲಿಸಿರಲಿಲ್ಲ. ಶುಕ್ರವಾರ ಸಂಜೆ ಅವನನ್ನು ಐಸ್‌ಕ್ಯಾಂಡಿ ಗಾಡಿಯ ಹತ್ತಿರ ಕರೆದುಕೊಂಡು ಹೋಗಿ, ಅವ್ವನ ಡಬ್ಬಿಯಿಂದ ತೆಗೆದ ರೊಕ್ಕದಲ್ಲಿ ಮೂರು ಕೆಂಪು ಐಸ್‌ಕ್ಯಾಂಡಿ ಕೊಡಿಸಿದೆ. ಗಂಟಲು ಕಟ್ಟಲಿ ಎಂದು. ಸಂಶಯ ಬರಬಾರದಲ್ಲ, ಜೊತೆಗೆ ನಾನೂ ಎರಡು ತಿಂದೆ.

ಶನಿವಾರ ನಲವತ್ತಕ್ಕೂ ಹೆಚ್ಚು ಹುಡುಗರು. ಮಾಸ್ತರು ನಮ್ಮನ್ನು ಸಾಲಿಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿ, ತಾವು ಧೋತರ ಎತ್ತಿ ಹಿಡಿದು ಬಯಲು ದಾಟಿ, ಆ ತುದಿಯ ಬೇವಿನ ಗಿಡದ ಕೆಳಗೆ ನಮಗೆ ಬೆನ್ನು ಮಾಡಿ ನಿಂತರು. ಗೋಡೆಯಾಚೆ ರಸ್ತೆ. ಕಬ್ಬಿನ ಗಾಡಿಗಳು, ಎತ್ತಿನ ಗಂಟೆ, ಗಾಡಿಯವರ ಬೈಗುಳ. ಎಲ್ಲರಿಗೂ ಒಂದೇ ಮಾತು: "ನೀರೊಳಗಿರ್ದುಂ ಬೆಮರ್ತನುರಗಪತಾಕಂ." ಭೀಮನ ಕೂಗು ಕೇಳಿ, ಕೊಳದ ನೀರಿನಲ್ಲಿ ಅಡಗಿದ್ದ ಹಾವಿನ ಬಾವುಟದ ಅರಸ ನೀರಿನೊಳಗೇ ಬೆವತನಂತೆ. ಕೊನೆಯ ಅಕ್ಷರ ಗಿಡದ ತನಕ ಬಂದರೆ ಮಾಸ್ತರು ಬಲಗೈ ಎತ್ತುತ್ತಾರೆ. ಬರದಿದ್ದರೆ ಇಲ್ಲ. ಮುಖ ನೋಡುವುದಿಲ್ಲ, ಅಭಿನಯ ನೋಡುವುದಿಲ್ಲ.

ಒಬ್ಬೊಬ್ಬರಾಗಿ ಕೂಗಿದೆವು. ಕೈ ಏಳಲೇ ಇಲ್ಲ. ಎಲ್ಲರೂ "ನೀರೊಳಗಿರ್ದುಂ" ಎಂಬಲ್ಲಿ ಎದೆ ತುಂಬ ಉಸಿರು ಖರ್ಚು ಮಾಡಿ, "ಪತಾಕಂ"ಗೆ ಬರುವ ಹೊತ್ತಿಗೆ ದಿವಾಳಿಯಾಗುತ್ತಿದ್ದರು. ಗರಡಿಮನೆಯ ಪೈಲ್ವಾನರ ಮಗ ಕೂಗಿದಾಗ ಬೇವಿನ ಗಿಡದ ಕಾಗೆಗಳು ಎದ್ದವು, ಕೈ ಏಳಲಿಲ್ಲ. ಮಾಸ್ತರು ತಿರುಗಿ ಅಲ್ಲಿಂದಲೇ, "ಅದು ಮಾತಲ್ಲೋ, ಗುಡುಗು! ನೀನ ಭೀಮ, ಕೂಡ್ರು" ಎಂದರು. ಪೋಸ್ಟ್‌ಮನ್ನರ ಮಗ ಕೂಗಲೇ ಇಲ್ಲ, ಹೇಳಿದ. ಎಷ್ಟು ಬೇಕೋ ಅಷ್ಟೇ ದನಿ, ಆದರೆ ಕೊನೆಯ ಸೊನ್ನೆ ಗುಡಿಯ ಗಂಟೆಯಂತೆ ನಿಂತಿತು. ಕೈ ಎದ್ದಿತು. ಮೂರು ಐಸ್‌ಕ್ಯಾಂಡಿ ಅವನ ಗಂಟಲಿಗೆ ಏನೂ ಮಾಡಿರಲಿಲ್ಲ.

ನನ್ನ ಸರದಿ. "ನೀರೊಳಗಿ" ತನಕ ಬಂದದ್ದು ನನ್ನ ದನಿ. "ಬೆಮರ್ತ" ಎಂಬಲ್ಲಿಂದ ನನ್ನ ತಂಗಿಯ ದನಿ ಶುರುವಾಯಿತು. ಐಸ್‌ಕ್ಯಾಂಡಿ ಸ್ವಲ್ಪ, ವಯಸ್ಸು ಸ್ವಲ್ಪ. ಕಟ್ಟೆಯ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಇನ್ನೊಂದು ಸಲ ಹೇಳಲು ಬಿಟ್ಟರು. ಆಗ ಮಾಸ್ತರರ ಕೈ ಎದ್ದಿತು ಎಂದು ನಾನು ಇಂದಿಗೂ ವಾದ ಮಾಡಬಲ್ಲೆ. ಅದು ಕಿವಿ ತುರಿಸಿಕೊಳ್ಳಲು ಎದ್ದದ್ದು ಎಂದು ಉಳಿದವರು ಹೇಳುತ್ತಾರೆ.

ಸೋಮವಾರ ಯಾದಿ ಹಚ್ಚಿದರು. ದ್ರೌಪದಿ, ಟೇಲರ್ ಮಗ. ಸಂಜಯ, ಲೆಕ್ಕದಲ್ಲಿ ಮೊದಲು ಬರುವ ಕನ್ನಡಕದವ. ಕಟ್ಟಕಡೆಗೆ ನಾನು: ದುಶ್ಶಾಸನ, ಗೆರೆ ಎಳೆದು ಪಕ್ಕದಲ್ಲಿ, ಹೆಣ. ರಣರಂಗದಲ್ಲಿ ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ನಡೆದು ಹೋಗುವಾಗ ಬಿದ್ದುಕೊಂಡಿರಬೇಕು. ಒಂದೂ ಮಾತಿಲ್ಲ. ಅಳುತ್ತ ಸ್ಟಾಫ್ ರೂಮಿಗೆ ಹೋದೆ. ಮಾಸ್ತರು ಎಲೆ ಅಡಿಕೆ ಕಟ್ಟುತ್ತ ಹೇಳಿದರು: "ದುರ್ಯೋಧನ ಯಾರ ಮುಂದ ಅಳಬೇಕೋ? ಹೆಣ ಸುಳ್ಳಾತಂದ್ರ ಅವನ ಅಳೂನೂ ಸುಳ್ಳಾಗ್ತೈತಿ. ಇದು ಎಲ್ಲಾರಿಗೂ ಆಗೂ ಪಾರ್ಟಲ್ಲ." ನಾನು ಕಣ್ಣು ಒರೆಸಿಕೊಂಡು ಬಾಗಿಲ ತನಕ ಬಂದಾಗ ಹಿಂದಿನಿಂದ, "ಅವಗ ಮೂರು, ನಿನಗ ಎರಡು. ಲೆಕ್ಕ ತಪ್ಪಿದಿ, ಒಂದೂ ತಿನಬಾರದಿತ್ತು" ಎಂದರು. ಐಸ್‌ಕ್ಯಾಂಡಿಯವನೂ ಅವರ ಹಳೆಯ ವಿದ್ಯಾರ್ಥಿಯೇ ಎಂದು ಆಮೇಲೆ ತಿಳಿಯಿತು.

ಹೆಣಗಳ ತಾಲೀಮು ಡ್ರಿಲ್ ಮಾಸ್ತರರ ಕೈಯಲ್ಲಿ. ಮಣ್ಣಿನ ಗಡಿಗೆಗೆ ಕಾಗದದ ರದ್ದಿ ಮೆತ್ತಿ ಬೆಳ್ಳಿ ಬಣ್ಣ ಬಳಿದು ಗದೆ ಮಾಡಿದವರೂ ಅವರೇ. ಮಾತು ಕಡಿಮೆ, ಸೀಟಿ ಜಾಸ್ತಿ. ಎದೆ ಏಳಿಸಬಾರದು, ಹೊಟ್ಟೆಯ ಕೆಳಭಾಗದಿಂದ ಉಸಿರಾಡಬೇಕು. ಹೊಟ್ಟೆಯ ಮೇಲೆ ಸೀಮೆಸುಣ್ಣ ನಿಲ್ಲಿಸುತ್ತಿದ್ದರು, ಬಿದ್ದರೆ ಮೊದಲಿನಿಂದ ಶುರು. ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಮೀಟಿಂಗುಗಳಲ್ಲಿ ಮುಖದ ಒಂದು ಗೆರೆ ಅಲುಗದಂತೆ ಕೂತವನು ನಾನು. ಮೇಲಿನವರು ಅದನ್ನು ಗಾಂಭೀರ್ಯ ಎಂದು ತಿಳಿದು ಎರಡು ಬಡ್ತಿ ಕೊಟ್ಟರು.

ಕಣ್ಣು ಮುಚ್ಚಿ ಬಿದ್ದವನಿಗೆ ಕಿವಿಯೊಂದೇ ಕೆಲಸ. ಎರಡು ತಿಂಗಳಲ್ಲಿ ಇಡೀ ನಾಟಕ ನನಗೆ ಬಾಯಿಪಾಠವಾಯಿತು, ಪಾರ್ಟು ಮರೆತವರು ನೆಲಕ್ಕೆ ಬಗ್ಗಿ ಹೆಣವನ್ನು ಕೇಳುತ್ತಿದ್ದರು. ಅಭಿಮನ್ಯುವಿನ ಹೆಣದ ಮುಂದೆ ನಿಂತು ದುರ್ಯೋಧನ ವೈರಿಯ ಮಗನನ್ನು ಹೊಗಳುವಾಗ ನನಗೆ ಹೊಟ್ಟೆಕಿಚ್ಚು; ಮುಂದಿನ ಹೆಣ ನಾನು. ಆಮೇಲೆ ಅವನು ನನ್ನ ತಲೆಯ ಹತ್ತಿರ ಕೂತು, ಅವ್ವನ ಹಾಲು ಮೊದಲು ನಾನು ಕುಡಿದೆ, ಆಮೇಲೆ ನೀನು, ಎಲ್ಲದರಲ್ಲೂ ನನ್ನ ಹಿಂದೆ ಬಂದವ ಸಾವಿನಲ್ಲಿ ಮಾತ್ರ ಯಾಕೆ ಮುಂದೆ ಹೋದೆ ಎಂಬ ಅರ್ಥದ ಪದ್ಯ ಹೇಳುವಾಗ ಕುತ್ತಿಗೆಯ ಮೇಲೆ ಏನೋ ಹನಿ ಬಿಸಿಯಾಗಿ ಬೀಳುತ್ತಿತ್ತು. ಬೆವರೋ ಕಣ್ಣೀರೋ, ಕಣ್ಣು ತೆರೆಯುವಂತಿರಲಿಲ್ಲ. ಇಂದಿಗೂ ಕೇಳಿಲ್ಲ.

ಗ್ಯಾದರಿಂಗಿನ ರಾತ್ರಿ ನಾನು ಎಷ್ಟು ಚೆನ್ನಾಗಿ ಸತ್ತೆನೆಂದರೆ ನಿಜವಾಗಿಯೇ ನಿದ್ದೆ ಹೋದೆ. ಎರಡು ನೀಲಿ ಸೀರೆ ಹಿಡಿದು ಕೊಳ ಮಾಡಿದ್ದು, ಉಳಿದ ಹೆಣಗಳು ಎದ್ದು ಹೋದದ್ದು, ನನ್ನನ್ನು ಮರೆತದ್ದು ಯಾವುದೂ ತಿಳಿಯಲಿಲ್ಲ. ಪೈಲ್ವಾನರ ಮಗ ದಡದಲ್ಲಿ ನಿಂತು ಗುಡುಗಿದ. ದುಶ್ಶಾಸನ ಎದ್ದು ಕೂತ. ಮಂದಿ ಸಿಳ್ಳೆ ಹೊಡೆದರು. ಒಳಗೆ ಹೋದಾಗ ಬೆತ್ತ ಬೀಳುತ್ತದೆಂದು ಎರಡೂ ಕೈ ಮುಂದೆ ಚಾಚಿಕೊಂಡೇ ಹೋದೆ. ಮಾಸ್ತರು ಭೀಮನ ಬೆನ್ನು ಚಪ್ಪರಿಸುತ್ತಿದ್ದರು: "ರನ್ನ ನೀರಾಗಿದ್ದವ ಬೆವತ ಅಂತ ಬರದ. ನಿನ್ನ ದನಿ ಕೇಳಿದ್ರ ಸತ್ತವ ಎದ್ದ ಅಂತ ಬರೀತಿದ್ದ!"

ಈಗ ಮೊಮ್ಮಗಳ ಸಾಲಿಯಲ್ಲೂ ನಾಟಕ ಇದೆ. ಆಯ್ಕೆಗೆ ಮೊಬೈಲಿನಲ್ಲಿ ಮೂವತ್ತು ಸೆಕೆಂಡಿನ ವಿಡಿಯೋ ಕಳಿಸಬೇಕು, ಮಗಳು ಹನ್ನೊಂದು ಸಲ ತೆಗೆದು ಚಂದದ್ದನ್ನು ಕಳಿಸಿದಳು. ರಂಗದ ಮೇಲೆ ಮೊದಲೇ ಮುದ್ರಿಸಿದ ದನಿಗೆ ಮಕ್ಕಳು ಬಾಯಿ ಆಡಿಸಿದರು. ಬಟ್ಟೆ, ಬೆಳಕು ನಮ್ಮ ಕಾಲಕ್ಕೆ ಕನಸಿನಲ್ಲೂ ಇರಲಿಲ್ಲ, ಸುಳ್ಳು ಹೇಳಬಾರದು. ಯುದ್ಧದ ದೃಶ್ಯವೂ ಇತ್ತು, ಹೆಣ ಮಾತ್ರ ಒಂದೂ ಇರಲಿಲ್ಲ. ಯಾಕೆಂದು ಅಲ್ಲಿಯ ಟೀಚರಮ್ಮನನ್ನು ಕೇಳಿದೆ. ಪಾಲಕರು ಒಪ್ಪುವುದಿಲ್ಲವಂತೆ.

ಸಭೆಯ ದಿನ ಕರೆಂಟು ಹೋಗಿ ಮೈಕು ಸುಮ್ಮನಾಯಿತು. ಬೇವಿನ ಗಿಡ ಈಗಿಲ್ಲ, ಅದೇ ಜಾಗದಲ್ಲಿ ಸೈಕಲ್ ಸ್ಟ್ಯಾಂಡಿನ ತಗಡು. ತಡವಾಗಿ ಬಂದ ನಾನು ಅದರ ನೆರಳಲ್ಲಿ ನಿಂತಿದ್ದೆ. ಪೋಸ್ಟ್‌ಮನ್ನರ ಮಗ, ಈಗ ಪೂರ್ತಿ ಬಿಳಿ ತಲೆ, ಕಟ್ಟೆಯ ಮೇಲೆ ಎದ್ದು ನಿಂತ. ಜನರೇಟರ್ ಹಚ್ಚುತ್ತೇವೆ ತಡೀರಿ ಎಂದರೂ ತಡೆಯಲಿಲ್ಲ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು. ಮಾಸ್ತರರ ಬಗ್ಗೆ ನಾಲ್ಕೇ ಮಾತು ಆಡಿದ. ಕೊನೆಯ ಮಾತಿನ ಕೊನೆಯ ಅಕ್ಷರ ತಗಡಿನ ತನಕ ಬಂತು.

ನನ್ನ ಬಲಗೈ ಎದ್ದೇ ಬಿಟ್ಟಿತು. ಅದನ್ನು ಕಂಡು ಕಾರ್ಯಕ್ರಮದ ಹುಡುಗನೊಬ್ಬ ಚೀಟಿ ಹಿಡಿದು ಓಡಿ ಬಂದ: "ನೀವೂ ಎರಡು ಮಾತು ಹೇಳ್ತೀರೇನ್ರಿ ಸರ್?"

ಹೇಳಿದೆ. ಸ್ವಲ್ಪ ಉದ್ದವಾಯಿತೆಂದು ಆಮೇಲೆ ಭೀಮ ಹೇಳಿದ.