ಡಾಡ್ಜ್‌ಗೆ ಬೆಲೆ ಕಟ್ಟುವ ಮುಂಚೆ

ಹಳೇ ಅಮೆರಿಕನ್ ಕಾರಿಗೆ ಪೇಂಟ್ ನೋಡಿ ಬೆಲೆ ಕಟ್ಟಬೇಡಿ. ಇನ್ಶೂರೆನ್ಸ್ ಸರ್ವೆ ಕೆಲಸದಲ್ಲೇ ತಲೆ ಬೆಳ್ಳಗಾದವನು ನಾನು. ಹೊಳಪು ಕಂಡರೆ ನನಗೆ ಅನುಮಾನವೇ ಜಾಸ್ತಿ.

ಮೊನ್ನೆ ದಾವಣಗೆರೆ ಮಂಡಿಪೇಟೆಯ ವ್ಯಾಪಾರಿಯೊಬ್ಬರು ಗೋಡೌನಿನಲ್ಲಿದ್ದ 1952ರ ಡಾಡ್ಜ್ ಕಿಂಗ್ಸ್‌ವೇ ತೋರಿಸಿದರು. ಅವರಪ್ಪ ಕೊಂಡಿದ್ದಂತೆ. "ಅಮೆರಿಕದಲ್ಲಿ ಇದಕ್ಕೆ ಎಷ್ಟು ರೇಟಿದೆ ನೋಡಿ ಸಾರ್" ಅಂತ ಮೊಬೈಲ್ ಹಿಡಿದರು. ಅಲ್ಲಿನ ರೇಟು ಇಲ್ಲಿ ನಡೆಯಲ್ಲ. ಇದು ಬಾಂಬೆಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಜೋಡಿಸಿದ ಗಾಡಿ, ಸ್ಟೇರಿಂಗ್ ಬಲಗಡೆ. ಹೆಸರು ಡಾಡ್ಜ್, ಮೈಯೆಲ್ಲಾ ಪ್ಲಿಮತ್ ಅನ್ನೋ ಇನ್ನೊಂದು ಅಮೆರಿಕನ್ ಕಾರಿನದು. ಅದೂ ಒಳ್ಳೆಯದೇ, ಪ್ಲಿಮತ್ ಸಾಮಾನು ಹುಡುಕಿದರೆ ಇನ್ನೂ ಸಿಗುತ್ತೆ. ಆದರೆ ಟೇಪ್‌ರೆಕಾರ್ಡರ್ ಕೂರಿಸೋಕೆ ಅಂತ ಡ್ಯಾಶ್‌ಬೋರ್ಡ್ ಕೊಯ್ದಿದ್ದರೆ ದೇವರೇ ಗತಿ. ಬಲಗಡೆ ಸ್ಟೇರಿಂಗಿನದು ಅಮೆರಿಕದಲ್ಲಿ ಸಿಗೋದು ಕಷ್ಟ. ಪುಣ್ಯಕ್ಕೆ ಇದರಲ್ಲಿ ಯಾರೂ ಕೈ ಹಾಕಿರಲಿಲ್ಲ.

ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಬಾಡಿ ಮೇಲೆ ಆಡಿಸಿದೆ. ಬಾಗಿಲುಗಳ ಕೆಳಗೆ, ಹಿಂದಿನ ಮಡ್‌ಗಾರ್ಡ್ ಅಂಚಲ್ಲಿ ಅದು ಕಚ್ಚಲೇ ಇಲ್ಲ. ತುಕ್ಕು ತಿಂದ ತಗಡು ಕತ್ತರಿಸಿ ಹೊಸದು ಬೆಸೆಯೋ ಬದಲು ಪುಟ್ಟಿ ತುಂಬಿ ಬಣ್ಣ ಹೊಡೆದಿದ್ದಾರೆ. ಕೆಳಗೆ ಮಲಗಿ ಚಾಸಿಗೆ, ಅಂದರೆ ಗಾಡಿಯ ಅಡಿಯ ಚೌಕಟ್ಟಿಗೆ, ಸ್ಕ್ರೂಡ್ರೈವರ್ ಚುಚ್ಚಿ ನೋಡಿದೆ. ಅದು ಗಟ್ಟಿಯಿತ್ತು. ಈ ಗಾಡಿಗಳಲ್ಲಿ ಬಾಡಿ ಬೇರೆ, ಚಾಸಿ ಬೇರೆ. ಚಾಸಿ ಉಳಿದಿದ್ದರೆ ಮಿಕ್ಕಿದ್ದನ್ನು ಒಳ್ಳೇ ಟಿಂಕರ್ ನೋಡಿಕೊಳ್ಳುತ್ತಾನೆ, ದುಡ್ಡು ಬೇಕು ಅಷ್ಟೇ.

ಬಾನೆಟ್ ಎತ್ತಿದೆ. ಇರಬೇಕಾದದ್ದು ಆರು ಸಿಲಿಂಡರಿನ ಪೆಟ್ರೋಲ್ ಇಂಜಿನ್, ಇದ್ದದ್ದು ನಾಲ್ಕು ಸಿಲಿಂಡರಿನ ಡೀಸೆಲ್! 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ದೊಡ್ಡ ಗಾಡಿಗಳಿಗೆ ಹೀಗೆ ಮಾಡಿಸಿದವರು ಬಹಳ, ಬೈಯೋಕಾಗಲ್ಲ. ಆದರೆ 2021ರ ವಿಂಟೇಜ್ ನಿಯಮದಲ್ಲಿ ಹಳೇ ಗಾಡಿಗಳಿಗೆ ಅಂತಲೇ ಕೊಡೋ 'ವಿಎ' ನಂಬರ್ ಬೇಕಂದರೆ 50 ವರ್ಷ ದಾಟಿದ್ದರೆ ಸಾಲದು, ಚಾಸಿ, ಬಾಡಿ, ಇಂಜಿನ್ ಮೊದಲಿದ್ದ ಹಾಗೇ ಇರಬೇಕು. ದುಡ್ಡಿರೋ ಗಿರಾಕಿ ಮೊದಲು ಕೇಳೋದೇ ಇದನ್ನು.

"ಹಳೇ ಇಂಜಿನ್ ಎಲ್ಲಿ ಸಾವ್ಕಾರ್ರೇ?"

"ಗುಜರಿಗೆ ಹೋಯ್ತೇನೋ ಸಾರ್."

ಆರ್‌ಸಿ ಬುಕ್ಕಿನಲ್ಲಿ ಮಾತ್ರ ಅದೇ ಇಂಜಿನ್ನಿನ ನಂಬರ್ ಇನ್ನೂ ಕೂತಿದೆ. ಬದಲಾಯಿಸಿದ್ದನ್ನು ಯಾರೂ ಬರೆಸಿಲ್ಲ. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಹಾಗಾಗಿ ಹಳೇ ದಾಖಲೆ ಹುಡುಕೋಕೆ ಚಿತ್ರದುರ್ಗದ ಆರ್‌ಟಿಓ ಕಡೆಯೇ ವಿಚಾರಿಸಿ ಅಂದೆ.

ಅವರು ಮನಸ್ಸಲ್ಲಿಟ್ಟುಕೊಂಡಿದ್ದರ ಅರ್ಧ ಬೆಲೆ ಹೇಳಿದೆ. ಮುಖ ಸಣ್ಣದಾಯ್ತು. ಕಾಗದ ಸರಿಯಾಗಿ, ಆ ಮಾಡೆಲ್ಲಿನ ಪೆಟ್ರೋಲ್ ಇಂಜಿನ್ ಎಲ್ಲಾದರೂ ಸಿಕ್ಕರೆ ಮತ್ತೆ ಕರೀರಿ, ಆಗ ಬೇರೆ ಲೆಕ್ಕ ಹಾಕೋಣ ಅಂದೆ. ಅಲ್ಲೀವರೆಗೆ ಹೊಸ ಪೇಂಟಿಗೆ ಒಂದು ರೂಪಾಯಿ ಹಾಕಬೇಡಿ ಅಂತಲೂ ಹೇಳಿ ಬಂದೆ.