ಮತ್ಲಬ್ ಏನು?

ಕಲಬುರಗಿ, 8 ಜೂನ್ 2025, ಭಾನುವಾರ

ನಿನ್ನೆ ಆಫೀಸಿನಲ್ಲಿ (ವಕೀಲರೊಬ್ಬರ ಹತ್ತಿರ ಟೈಪಿಂಗ್ ಕೆಲಸ ನಂದು) ಕಕ್ಷಿದಾರರಿಗೆ ಅವರ ಅರ್ಜಿಯನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ‘ಅಲ್ಟೀರಿಯರ್ ಮೋಟಿವ್’ ಬಂದಾಗ ತಡವರಿಸಿದೆ. ಎಫ್‌ಐಆರ್ ರದ್ದು ಮಾಡಿ ಅಂತ ಹೈಕೋರ್ಟಿಗೆ ಹಾಕುವ ಅರ್ಜಿಗಳಲ್ಲಿ ಈ ಮಾತು ಸದಾ ಇರುತ್ತದೆ. ಎಂಥ ಎಫ್‌ಐಆರ್ ರದ್ದು ಮಾಡಬಹುದು ಅಂತ ಸುಪ್ರೀಂ ಕೋರ್ಟ್ 1990ರಲ್ಲಿ ಭಜನ್ ಲಾಲ್ ಪ್ರಕರಣದಲ್ಲಿ ಏಳು ಬಗೆ ಹೇಳಿತಲ್ಲ, ಏಳನೆಯದರಲ್ಲಿ ಇದೇ ಪದ ಇದೆ, ಹಗೆ ತೀರಿಸಿಕೊಳ್ಳಲು ಹಾಕಿದ ಕೇಸಿನ ಬಗ್ಗೆ. ‘ದುರುದ್ದೇಶ’ ಅಂತ ಹೇಳಿ ಮುಂದೆ ಹೋದೆ. ಆದರೂ ಏನೋ ಕಿರಿಕಿರಿ.

ರಾತ್ರಿ ನಿಘಂಟು ತೆಗೆದು ಕೂತೆ. ಲ್ಯಾಟಿನ್‌ನಲ್ಲಿ ಅಲ್ಟೀರಿಯರ್ ಅಂದರೆ ಬರೀ ‘ಇನ್ನೂ ಆಚೆಯದು’, ಅಷ್ಟೇ! ರೋಮನ್ನರು ಕ್ರಿ.ಪೂ. 197ರಲ್ಲಿ ಸ್ಪೇನಿನಲ್ಲಿ ಎರಡು ಪ್ರಾಂತ್ಯ ಮಾಡಿ, ತಮಗೆ ಹತ್ತಿರದ್ದಕ್ಕೆ ಸಿಟೀರಿಯರ್, ದೂರದ್ದಕ್ಕೆ ಅಲ್ಟೀರಿಯರ್ ಅಂದರು. ‘ಅಲ್ಟಿಮೇಟ್’ ಕೂಡ ಇದೇ ಮನೆಯದು, ಎಲ್ಲಕ್ಕಿಂತ ಆಚೆ. ಹಾಗಾದರೆ ಅಲ್ಟೀರಿಯರ್ ಮೋಟಿವ್ ಅಂದರೆ ಬಾಯಲ್ಲಿ ಹೇಳಿದ ಕಾರಣದ ಆಚೆ ಕೂತ ಇನ್ನೊಂದು ಕಾರಣ. ಇಂಗ್ಲಿಷಿನಲ್ಲಿ ಅದಕ್ಕೆ ಅನುಮಾನದ ವಾಸನೆ ಅಂಟಿದೆ ನಿಜ, ಆದರೆ ಕೇಡೇ ಇರಬೇಕು ಅಂತೇನಿಲ್ಲ. ಮುಚ್ಚಿಟ್ಟಿದ್ದರೆ ಸಾಕು.

ಇವತ್ತು ಬೆಳಿಗ್ಗೆ ದೂರದ ಕಾಕಾ ಒಬ್ಬರು ಬಂದರು. ಎರಡು ವರ್ಷದಿಂದ ಈ ಕಡೆ ತಲೆ ಹಾಕಿರಲಿಲ್ಲ, ಇವತ್ತು ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು. ಶರಣಬಸವೇಶ್ವರ ಗುಡಿಗೆ ಬಂದಿದ್ದರಂತೆ, ಹಂಗೇ ಬಂದರಂತೆ. ಅವ್ವ ಚಹಾ ಸೋಸುತ್ತಾ ನನ್ನ ಕಿವಿಯಲ್ಲಿ, “ಸುಮ್ನ ಬರೂ ಮನುಷ್ಯ ಅಲ್ಲ ಅಂವ. ಏನರ ಮತ್ಲಬ್ ಅದ” ಅಂದಳು.

ನಿನ್ನೆಯಿಂದ ಹುಡುಕುತ್ತಿದ್ದ ಪದ ಒಲೆಯ ಮುಂದೆ ಸಿಕ್ಕಿತು! ನಮ್ಮ ಕಡೆ ಮತ್ಲಬ್ ಅಂದರೆ ಮಾತಿನ ಅರ್ಥವೂ ಹೌದು, ಸ್ವಂತದ ಲಾಭವೂ ಹೌದು. ಮೂಲ ಅರಬ್ಬಿ, ಬೇಡುವುದು, ಹುಡುಕುವುದು ಅನ್ನುವ ಬೇರಿನದು. ಚಹಾದ ತಲಬು ಅಂತೀವಲ್ಲ, ಅದೂ ಅಲ್ಲಿಂದಲೇ. ಇನ್ನು ‘ಅರ್ಥ’ ಅನ್ನುವುದೇ ದುಡ್ಡೂ ಆಗುತ್ತೆ ಅಲ್ವಾ, ಅದು ಬೇರೆ ಕಥೆ.

ಕಾಕಾ ತೊಗರಿ ರೇಟು, ಮಳೆ, ಅವ್ವನ ಮೊಣಕಾಲು ಎಲ್ಲಾ ಸುತ್ತಿ ಬಂದು ಎರಡನೇ ಕಪ್ಪಿಗೆ, “ಯವ್ವಾ, ನಿಮ್ ವಕೀಲ್ರು ಜಾಮೀನಿಗಿ ಎಷ್ಟ್ ತಗೋತಾರ?” ಅಂದರು. ಮಗನ ಮೇಲೆ ಹೊಡೆದಾಟದ ಕೇಸಂತೆ. ಕಣ್ಣು ಕೆಂಪಗಿದ್ದವು, ನಿದ್ದೆ ಮಾಡಿರಲಿಲ್ಲ. ಇದಕ್ಕೆ ದುರುದ್ದೇಶ ಅನ್ನಲು ಬಾಯಿ ಬರಲಿಲ್ಲ.

ನಾಳೆ ಹತ್ತಕ್ಕೆ ಆಫೀಸಿಗೆ ಬರಲು ಹೇಳಿದ್ದೇನೆ. ಬಾಳೆಹಣ್ಣು ಇನ್ನೂ ಕಾಯಿ, ಎರಡು ದಿನ ಬೇಕು.